ತವರಿಗೆ ಹೋಗಲು ಒಂದು ರವಿಕೆ

ಒಂದು ವರ್ಷ ಎರಡು ತಿಂಗಳು ನಾನು ತವರಿಗೆ ಹೋಗಲಿಲ್ಲ. ಹೊಳಲ್ಕೆರೆಯಿಂದ ಭರಮಸಾಗರವೇನು ಸಮುದ್ರದಾಚೆ ಇಲ್ಲ. ಚಿತ್ರದುರ್ಗದವರೆಗೆ ಒಂದು ಬಸ್ಸು, ಅಲ್ಲಿಂದ ದಾವಣಗೆರೆ ಕಡೆ ಹೋಗುವ ಇನ್ನೊಂದು ಬಸ್ಸು. ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಅವ್ವನ ಎದುರು ಕೂತಿರಬಹುದು. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ತಿಂಗಳಿಗೊಮ್ಮೆಯಾದರೂ ಮುಖ ತೋರಿಸಿ ಬರುತ್ತಿದ್ದವಳು ಇದ್ದಕ್ಕಿದ್ದಂತೆ ನಿಂತುಬಿಟ್ಟರೆ ಯಾವ ತಾಯಿ ಸುಮ್ಮನಿರುತ್ತಾಳೆ? ಅವ್ವ ಮೊದಮೊದಲು ಫೋನಿನಲ್ಲಿ ಕೇಳಿದಳು. ಆಮೇಲೆ ನನ್ನನ್ನು ಕೇಳುವುದು ಬಿಟ್ಟು ಸಿಕ್ಕವರಿಗೆಲ್ಲ ಹೇಳತೊಡಗಿದಳು.

"ನನ್ನ ಮಗಳಿಗೆ ಸೊಕ್ಕು ಬಂದೈತೆ ಕಣವ್ವ. ನಾಕು ಜನಕ್ಕೆ ಜಾಕೀಟು ಹೊಲ್ಯಾದು ಕಲ್ತಿದ್ದೇ ಕಲ್ತಿದ್ದು, ತವರು ಮರ್ತೇಬಿಟ್ಲು."

ಅವ್ವನಿಗೆ ಗೊತ್ತಿಲ್ಲದ್ದು ಒಂದೇ. ನನ್ನ ಎಡಗಡೆಯ ಮೊಲೆಯನ್ನು ಆಪರೇಷನ್ ಮಾಡಿ ತೆಗೆದಿದ್ದರು. ಅವಳಿಗೆ ಹೇಳುವುದು ಬೇಡ ಎಂದು ತೀರ್ಮಾನ ಮಾಡಿದವನು ನನ್ನ ಅಣ್ಣ. ಅವ್ವ ಇರುವುದು ಅವನ ಮನೆಯಲ್ಲಿಯೇ. "ಅವ್ವನ ಹಾರ್ಟು ಮೊದ್ಲೇ ವೀಕು, ತಡ್ಕಳಲ್ಲ" ಎಂದ. ನನ್ನ ಯಜಮಾನರು ಹೂಂ ಎಂದರು. ಅವರು ಹೂಂ ಎಂದದ್ದಕ್ಕೆ ನಾನೂ ಹೂಂ ಎಂದೆ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ನಾನು ಹೂಂ ಎನ್ನುತ್ತಿದ್ದೆ, ಊಹೂಂ ಎನ್ನುವುದಕ್ಕೆ ಸ್ವಲ್ಪವಾದರೂ ತ್ರಾಣ ಬೇಕಲ್ಲ. ಮಂಡಿನೋವಿನ ಅವ್ವ ಬಸ್ಸು ಹತ್ತಿ ಬರುವಂತಿರಲಿಲ್ಲ. ನೆಂಟರಿಗೆಲ್ಲ ವಿಷಯ ಗೊತ್ತಿದ್ದರೂ ಅವಳ ಮುಂದೆ ಎಲ್ಲರೂ ಬಾಯಿ ಹೊಲಿದುಕೊಂಡಿದ್ದರು. ಇನ್ನು ನಾನು ಅವಳ ಕಣ್ಣಿಗೆ ಬೀಳಬೇಕೆಂದರೆ, ಏನೂ ಆಗಿಲ್ಲವೆಂಬಂತೆ ಮೈಮೇಲೆ ಕೂರುವ ಒಂದು ರವಿಕೆ ಬೇಕಿತ್ತು. ಹದಿನೆಂಟು ವರ್ಷ ಬೀದಿಗೆಲ್ಲ ರವಿಕೆ ಹೊಲಿದುಕೊಟ್ಟ ನನ್ನ ಹತ್ತಿರ ಅಂಥದ್ದು ಒಂದೂ ಇರಲಿಲ್ಲ.

ನನ್ನ ಕಸುಬಿನ ವಿಷಯ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ನಾನು ಮಾಡಿದ ತಪ್ಪು ತಪ್ಪೆಂದೇ ಯಾರಿಗೂ ಅನ್ನಿಸುವುದಿಲ್ಲ, ಬರೀ ದಡ್ಡತನ ಅನ್ನಿಸುತ್ತದೆ.

ನಾನು ಯಾವ ಕ್ಲಾಸಿಗೂ ಹೋಗಿ ಕಲಿತವಳಲ್ಲ. ಮಗಳು ಹುಟ್ಟಿದ ಮೇಲೆ ಮನೆಯಲ್ಲಿ ಕೂತು ಬೇಸರವಾಗಿ, ಚೆನ್ನಾಗಿ ಕೂರುತ್ತಿದ್ದ ನನ್ನದೇ ಒಂದು ಹಳೆಯ ರವಿಕೆಯ ಹೊಲಿಗೆ ಬಿಚ್ಚಿದೆ. ಬೆನ್ನು, ಮುಂಭಾಗ, ತೋಳು ಎಲ್ಲ ಬೇರೆಬೇರೆ ಮಾಡಿ, ಇಸ್ತ್ರಿ ಹಾಕಿ, ಕ್ಯಾಲೆಂಡರಿನ ಹಾಳೆಯ ಮೇಲೆ ಹರಡಿ ಸುತ್ತ ಗೆರೆ ಎಳೆದೆ. ಯಜಮಾನರು ಅಡಿಕೆ ಮಂಡಿಯಲ್ಲಿ ತೂಕ ಬರೆಯುವ ಗುಮಾಸ್ತರು. ವರ್ಷದ ಕೊನೆಗೆ ಅಲ್ಲಿ ಉಳಿದ ಕ್ಯಾಲೆಂಡರುಗಳನ್ನೆಲ್ಲ ಹೊತ್ತು ತರುತ್ತಿದ್ದರು. ದಪ್ಪ ಹಾಳೆ, ಬೇಗ ಹರಿಯುವುದಿಲ್ಲ. ದೇವರ ಚಿತ್ರ ಇದ್ದ ಹಾಳೆಗೆ ಕತ್ತರಿ ಹಾಕಲು ಮಾತ್ರ ನನಗೆ ಧೈರ್ಯವಿರಲಿಲ್ಲ, ಅವು ಹಾಗೆಯೇ ಅಟ್ಟ ಸೇರಿದವು. ಹಾಗೆ ಕತ್ತರಿಸಿದ ಮೊದಲ ಪೇಪರು ನನ್ನ ಮೈಯ ಪೇಪರು. ಬೀದಿಯ ಎಲ್ಲರ ಅಳತೆಯೂ ಅದರಿಂದಲೇ ಹುಟ್ಟಿತು.

ಯಾಕೆಂದರೆ ನಮ್ಮ ಕಡೆ ಹೆಂಗಸರು ಮೈಗೆ ಟೇಪು ಹಿಡಿಸಿಕೊಳ್ಳುವುದಿಲ್ಲ. "ಅಳತೆ ರವಿಕೆ ತಗಳ್ರಿ" ಎಂದು ಒಂದು ಹಳೆಯ ರವಿಕೆಯನ್ನು ಚೀಲದಿಂದ ತೆಗೆದು ಮುಂದಿಡುತ್ತಾರೆ. ಆ ಅಳತೆ ರವಿಕೆ ಎಂಬುದು ಮಹಾ ಸುಳ್ಳುಬುರುಕ ವಸ್ತು. ಎಲ್ಲರೂ ಕೊಡುವುದು ತಾವು ತೆಳ್ಳಗಿದ್ದ ಕಾಲದ್ದು. ಅದನ್ನು ನಂಬಿ ಹೊಲಿದರೆ ಹುಕ್ಕು ಸೇರುವುದಿಲ್ಲ, ಬೈಗುಳ ನನಗೆ. ಆದ್ದರಿಂದ ನಾನು ರವಿಕೆಯನ್ನು ತೆಗೆದುಕೊಂಡು ಮರ್ಯಾದೆಗೆ ಪಕ್ಕಕ್ಕಿಡುತ್ತಿದ್ದೆ. ಅವರು ಮಾತಾಡುತ್ತಾ ನಿಂತಾಗ ಕಣ್ಣಿನಲ್ಲೇ ಅಳೆಯುತ್ತಿದ್ದೆ. ಈಕೆ ನನಗಿಂತ ಎರಡು ಬೆರಳು ಹೆಚ್ಚು, ಈಕೆ ಒಂದು ಬೆರಳು ಕಡಿಮೆ, ಭುಜ ನನ್ನಷ್ಟೇ. ಅವರು ಹೋದ ಮೇಲೆ ನನ್ನ ಪೇಪರನ್ನು ಹರಡಿ, ಬೆರಳಿನ ಲೆಕ್ಕದಲ್ಲಿ ಗೆರೆಯನ್ನು ಹೊರಗೋ ಒಳಗೋ ಸರಿಸಿ ಬಟ್ಟೆ ಕತ್ತರಿಸುತ್ತಿದ್ದೆ. ಹೊಲಿದದ್ದು ಎರಕ ಹೊಯ್ದಂತೆ ಕೂರುತ್ತಿತ್ತು. "ನಿಮ್ಮ ಕೈಗುಣ ರೀ" ಎನ್ನುತ್ತಿದ್ದರು. ನಾನು ಬೀಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಮಕ್ಕಳ ಬಟ್ಟೆಗೆ ಬೇರೆ ಉಪಾಯ. ಮಗಳ ಫ್ರಾಕಿಗೆ ಒಂದು ಪೇಪರು ಮಾಡಿದ್ದೆ. ಪ್ರತಿ ವರ್ಷ ಹೊಸ ಪೇಪರು ಕತ್ತರಿಸುವ ಬದಲು ಅದರ ಅಂಚಿಗೆ ಮೈದಾ ಅಂಟಿನಿಂದ ಒಂದು ಪಟ್ಟಿ ಅಂಟಿಸುತ್ತಿದ್ದೆ. ಮಗ ಹುಟ್ಟಿದಾಗ ಸೀರೆಯ ತೊಟ್ಟಿಲಿಗೆ ಕಟ್ಟಿದ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಕೈಯಲ್ಲಿ ರವಿಕೆಯ ಅಂಚು ಮಡಚಿ ಹೊಲಿಯುತ್ತಿದ್ದೆ. ಮಗಳು ಮಿಷನ್ನಿನ ಕೆಳಗೆ ಕೂತು ಬಿದ್ದ ಚಿಂದಿಗಳನ್ನು ಬಣ್ಣಬಣ್ಣವಾಗಿ ಜೋಡಿಸುತ್ತಿದ್ದಳು. ಒಲೆಯ ಮೇಲೆ ಅನ್ನ, ಕಾಲಲ್ಲಿ ತೊಟ್ಟಿಲು, ಬಾಯಲ್ಲಿ ದಾರ. ಆಗ ಪುರುಸೊತ್ತು ಇರಲಿಲ್ಲ, ಆದರೆ ಏನು ಮಾಡುತ್ತಿದ್ದೇನೆ ಎನ್ನುವುದು ಗೊತ್ತಿರುತ್ತಿತ್ತು.

ಇನ್ನು ತಪ್ಪಿನ ಮಾತು. ಆಪರೇಷನ್ನಿನ ವರ್ಷ ಯುಗಾದಿಗೆ ನನಗೊಂದು ಹಸಿರು ರವಿಕೆ ಹೊಲಿದುಕೊಂಡೆ. ಹಾಕಿ ನೋಡಿದರೆ ಎಡಗಡೆ ಕಂಕುಳ ಕೆಳಗೆ ಎಳೆಯುತ್ತಿತ್ತು. ಬಲಗಡೆ ಸರಿಯಾಗಿತ್ತು. ಯಾವ ಹೆಂಗಸಾದರೂ ಮೈ ಮುಟ್ಟಿ ನೋಡಿಕೊಳ್ಳುತ್ತಿದ್ದಳೇನೋ. ನಾನು ಹೊಲಿಗೆಯವಳು, ಹೊಲಿಗೆ ಬಿಚ್ಚಿದೆ. ಎಡಗಡೆಯ ಟಕ್ಕು, ಎಂದರೆ ಮೈಯ ಉಬ್ಬಿಗೆ ಬಟ್ಟೆಯನ್ನು ಹಿಡಿದು ಹೊಲಿಯುವ ಮಡಿಕೆ, ಅದನ್ನು ಸ್ವಲ್ಪ ಸಡಿಲ ಮಾಡಿದೆ. ಸರಿಹೋಯಿತು. ತಿಂಗಳು ಕಳೆದ ಮೇಲೆ ಮತ್ತೆ ಎಳೆಯಿತು. ಬಟ್ಟೆ ಕುಗ್ಗಿದೆ ಎಂದುಕೊಂಡೆ. ಬೇರೆ ಬಟ್ಟೆಯಲ್ಲಿ ಹೊಲಿದೆ, ಅದೂ ಎಳೆಯಿತು. ಪೇಪರು ಹಳತಾಗಿ ಅಂಚು ಸವೆದಿದೆ ಎಂದು ಹೊಸ ಪೇಪರು ಕತ್ತರಿಸಿದೆ. ಅದೂ ಸರಿಬರಲಿಲ್ಲ. ಒಂದು ದಿನ ಟೇಪು ಹಿಡಿದು ಎಡ ಬಲ ಬೇರೆಬೇರೆ ಅಳೆದುಕೊಂಡೆ. ಎಡಗಡೆ ಅರ್ಧ ಬೆರಳು ಹೆಚ್ಚಿತ್ತು. ಆಗಲಾದರೂ ಬುದ್ಧಿ ಬರಬೇಡವೇ? ಅದನ್ನು ಚೀಟಿಯಲ್ಲಿ ಬರೆದುಕೊಂಡು, ಎಡಗಡೆಗೆ ಅರ್ಧ ಬೆರಳು ಬಿಟ್ಟು, ಬಹಳ ಅಚ್ಚುಕಟ್ಟಾಗಿ ಇನ್ನೊಂದು ರವಿಕೆ ಕತ್ತರಿಸಿದೆ. ಅದು ಚೆನ್ನಾಗಿ ಕೂತಿತು. ಅದನ್ನು ಹಾಕಿಕೊಂಡೇ ಗಣೇಶನ ಹಬ್ಬಕ್ಕೆ ಅವ್ವನ ಮನೆಗೆ ಹೋಗಿ ಹೋಳಿಗೆ ತಿಂದು ಬಂದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನದು ಅದಕ್ಕೂ ಕಡೆ. ನೆಲವೇ ಡೊಂಕಾಗಿತ್ತು, ನಾನು ಐದು ತಿಂಗಳು ನನ್ನ ಕುಣಿತ ತಿದ್ದುತ್ತಾ ಕೂತಿದ್ದೆ.

ಹಬ್ಬ ಮುಗಿಸಿ ಬಂದ ವಾರದಲ್ಲಿ ಯಜಮಾನರ ಕಣ್ಣಿಗೆ ಬಿತ್ತು. "ಲೇ, ಇದೇನೇ ಇದು, ಚರ್ಮ ಕಿತ್ತಳೆ ಸಿಪ್ಪೆ ಆದಂಗೆ ಆಗೈತೆ" ಎಂದರು. ದಾವಣಗೆರೆಗೆ ಹೋದೆವು. ಡಾಕ್ಟರು ಯಾವಾಗ ಗೊತ್ತಾಯಿತು ಎಂದು ಕೇಳಿದರು. ಯುಗಾದಿಗೆ ಬ್ಲೌಸ್ ಹೊಲಿಯುವಾಗ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ನೋವಿರಲಿಲ್ಲ" ಎಂದೆ. "ಇದರಲ್ಲಿ ಮೊದಲು ನೋವಿರಲ್ಲಮ್ಮ" ಎಂದರು. ಗಂಟು ಕಂಕುಳಿನವರೆಗೆ ಹೋಗಿತ್ತು. ಸ್ವಲ್ಪ ಮುಂಚೆ ಬಂದಿದ್ದರೆ ಎಂದು ಶುರುಮಾಡಿ, ನಮ್ಮ ಯಜಮಾನರ ಮುಖ ನೋಡಿ ಅರ್ಧಕ್ಕೇ ಬಿಟ್ಟರು. ಮನೆಯಲ್ಲಿ ಇದುವರೆಗೆ ಯಾರೂ ಆ ಐದು ತಿಂಗಳ ಮಾತೆತ್ತಿ ನನ್ನನ್ನು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಪರೇಷನ್ ಆಯಿತು. ಆಮೇಲೆ ಔಷಧಿ ಏರಿಸುವುದು, ಕೂದಲು ಉದುರುವುದು, ವಾಂತಿ, ಕರೆಂಟು ಕೊಡುವುದು, ಎಂದರೆ ರೇಡಿಯೇಷನ್. ಅದನ್ನೆಲ್ಲ ವಿವರವಾಗಿ ಹೇಳಲು ನನಗೆ ಮನಸ್ಸಿಲ್ಲ, ನೆನಪೂ ಸರಿಯಾಗಿಲ್ಲ. ಯಾರೋ ಇನ್ನೊಬ್ಬಳಿಗೆ ಆಗುತ್ತಿದ್ದುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ ಹಾಗಿತ್ತು. ಯಜಮಾನರು ಗಾಯದಿಂದ ಇಳಿಯುವ ನೀರನ್ನು ಅಳೆದು ಬರೆದಿಡುತ್ತಿದ್ದರು, ಮಂಡಿಯಲ್ಲಿ ತೂಕ ಬರೆಯುವಷ್ಟೇ ಚೊಕ್ಕವಾಗಿ. ಮಗ ಕಾಲೇಜಿನಿಂದ ಬಂದು ಹೇಳದೇ ಕೇಳದೇ ಪಾತ್ರೆ ತೊಳೆಯುತ್ತಿದ್ದ. ಬೀದಿಯ ಹೆಂಗಸರು ನೋಡಲು ಬಂದರು. ಒಬ್ಬಾಕೆ ಬಾಗಿಲಲ್ಲೇ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ನಾನೇ ಎದ್ದು ಹೋಗಿ ಸಮಾಧಾನ ಮಾಡಿ, ಕಾಫಿ ಮಾಡಿಸಿಕೊಟ್ಟೆ. ಅಳು ಎನ್ನುವುದು ಅವರಿಗೆಲ್ಲ ಎಷ್ಟು ಸಲೀಸಾಗಿ ಬರುತ್ತದಲ್ಲ ಎನ್ನಿಸಿತು. ನನಗೆ ಬರಲಿಲ್ಲ. ಡಾಕ್ಟರು ಹೇಳಿದಾಗ ಬರಲಿಲ್ಲ, ಕನ್ನಡಿ ನೋಡಿದಾಗ ಬರಲಿಲ್ಲ, ಬಾಚಣಿಗೆಯಲ್ಲಿ ಜಡೆಯೇ ಕಿತ್ತು ಬಂದಾಗಲೂ ಬರಲಿಲ್ಲ. ದುಃಖವನ್ನು ತಡೆದುಕೊಂಡಿದ್ದೆ ಎಂದಲ್ಲ. ತಡೆಯಲು ಅಲ್ಲಿ ಏನೂ ಇರಲಿಲ್ಲ.

ಮೈಯೂ ಹಾಗೆಯೇ. ಎದೆಯ ಎಡಭಾಗ, ಕಂಕುಳು, ತೋಳಿನ ಒಳಮಗ್ಗುಲು ಮರಗಟ್ಟಿಹೋಗಿತ್ತು. ನರ ಕತ್ತರಿಸಿರುತ್ತೆ, ಸ್ವಲ್ಪ ದಿನಕ್ಕೆ ಸ್ಪರ್ಶ ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದರು. ಸ್ನಾನ ಮಾಡುವಾಗ ಅಲ್ಲಿ ನೀರು ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ. ನಾನು ನೈಟಿ ಹಾಕಿಕೊಂಡು, ಮೇಲೊಂದು ಟವೆಲ್ಲು ಹೊದ್ದು ಮನೆಯಲ್ಲಿರುತ್ತಿದ್ದೆ. ಆಸ್ಪತ್ರೆಗೆ ಹೋಗುವಾಗ ಯಜಮಾನರ ಸ್ವೆಟರು. ಬಟ್ಟೆ ಬದಲಾಯಿಸುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಗಾಯ ಮಾಗಿದ ಮೇಲೆ ಯಜಮಾನರಿಗೂ ತೋರಿಸಲಿಲ್ಲ, ಅವರೂ ಕೇಳಲಿಲ್ಲ. ಮಗಳಿಗಂತೂ ಮೊದಲಿನಿಂದಲೂ ತೋರಿಸಿರಲಿಲ್ಲ.

ಬೇಸಿಗೆ ಕಳೆದು ಕೂದಲು ಮೊಳೆಯತೊಡಗಿದಾಗ ನಾನು ಸಣ್ಣಪುಟ್ಟ ಕೆಲಸಕ್ಕೆ ಕೂತೆ. ಸೀರೆಗೆ ಫಾಲ್ ಹಚ್ಚುವುದು, ಹುಕ್ಕು ಹಾಕುವುದು. ರವಿಕೆ ಮಾತ್ರ ಕತ್ತರಿಸಲಿಲ್ಲ. ಎಲ್ಲರ ಅಳತೆಯೂ ನನಗಿಂತ ಎಷ್ಟು ಬೆರಳು ಎಂದಲ್ಲವೇ ನಾನು ತೆಗೆಯುತ್ತಿದ್ದದ್ದು. ಗೋಡೆಯ ಮೊಳೆಗೆ ತೂಗುಹಾಕಿದ್ದ ಆ ಪೇಪರನ್ನು ಮುಟ್ಟಲು ನನಗೆ ಹೇಸಿಗೆಯಾಗುತ್ತಿತ್ತು. ಅದನ್ನು ಹರಿದು ಬಿಸಾಡಲೂ ಇಲ್ಲ.

ಹೀಗಿರುವಾಗ ದೀಪಾವಳಿ ಹತ್ತಿರ ಬಂದ ಒಂದು ಭಾನುವಾರ, ಫಾಲ್ ಹಚ್ಚುತ್ತಾ ಕೂತಿದ್ದೆ. ಎಲ್ಲ ಹೊಲಿಗೆಯವರಿಗೂ ಒಂದು ಕೆಟ್ಟ ಅಭ್ಯಾಸ ಇರುತ್ತದೆ. ಸೂಜಿಯನ್ನು ಕೈಯಿಂದ ಕೆಳಗಿಡುವಾಗ ಎದೆಯ ಮೇಲಿನ ಬಟ್ಟೆಗೆ ಚುಚ್ಚಿಕೊಳ್ಳುತ್ತೇವೆ. ನಾನೂ ಚುಚ್ಚಿಕೊಂಡು, ಸಾರಿಗೆ ಒಗ್ಗರಣೆ ಹಾಕಲು ಎದ್ದೆ. ಅಡುಗೆಮನೆಯಲ್ಲಿ ಮಗಳು ಎದುರಿಗೆ ಬಂದವಳು ನಿಂತುಬಿಟ್ಟಳು. "ಅಮ್ಮಾ, ರಕ್ತ" ಎಂದಳು. ಟವೆಲ್ಲು ಜಾರಿತ್ತು. ನೈಟಿಯ ಮೇಲೆ ಕುಂಕುಮದ ಬೊಟ್ಟಿನಷ್ಟು ಕಲೆ ಇತ್ತು. ಸೂಜಿ ಬಟ್ಟೆಯನ್ನು ದಾಟಿ ಚರ್ಮದೊಳಗೆ ನಿಂತಿತ್ತು. ನಾನು ಅದನ್ನು ಕಿತ್ತು, ಒಲೆಯ ಕಟ್ಟೆಯ ಮೇಲಿಟ್ಟು, ಸಾಸಿವೆ ಡಬ್ಬಿ ತೆಗೆದೆ.

"ಗೊತ್ತಾಗ್ಲಿಲ್ವಾ?"

"ಇಲ್ಲ."

"ಒಂಚೂರೂ?"

"ಇಲ್ಲ ಅಂದ್ನಲ್ಲ. ಸಾಸಿವೆ ಸೀದೋಗುತ್ತೆ, ದೂರ ನಿಂತ್ಕ."

ಅವಳು ದೂರ ನಿಲ್ಲಲಿಲ್ಲ. ಒಲೆ ಆರಿಸಿದಳು. ಬಿ.ಕಾಂ. ಎರಡನೇ ವರ್ಷದ ಹುಡುಗಿ, ನನ್ನ ಪಕ್ಕ ಕೂತೇ ಹೊಲಿಗೆ ಕಲಿತವಳು, ನನಗಿಂತ ಸಿಡುಕಿ. ಆ ಕಡೆ ಸೊಳ್ಳೆ ಕಚ್ಚಿದರೂ ಕೈ ಊದಿಕೊಳ್ಳುತ್ತೆ ಎಂದು ಡಾಕ್ಟರು ಹೇಳಿಲ್ಲವಾ, ಬುದ್ಧಿ ಇದೆಯಾ ಎಂದು ನನ್ನನ್ನು ಬೈದಳು. ಬೈದು ಮುಗಿಸಿ, ದನಿ ಇಳಿಸಿ, "ನಿನ್ನೆ ಅಜ್ಜಿ ಫೋನ್ ಮಾಡಿತ್ತು" ಎಂದಳು. "ನಿಮ್ಮವ್ವ ಇದಾಳೋ ಸತ್ತಾಳೋ ಅಂತ ಕೇಳ್ತು. ನಾನು ಏನಂತ ಹೇಳ್ಲಿ? ಹೋಗಾಣ ನಡಿಯಮ್ಮ."

"ಏನು ಹಾಕ್ಕಂಡು ಹೋಗ್ಲಿ?"

"ಹೊಲ್ಯಾಣ. ನೀನು ಹೇಳು, ನಾನು ಕಟ್ ಮಾಡ್ತೀನಿ."

ಟೇಪು ತಂದು, ನನ್ನನ್ನು ಕೋಣೆಯೊಳಗೆ ನಡೆಸಿ ಬಾಗಿಲು ಹಾಕಿದಳು. ನಾನು ಅಳತೆ ರವಿಕೆ ತೆಗೆದುಕೋ, ಅದರಲ್ಲೇ ಎಡಗಡೆ ಕಡಿಮೆ ಮಾಡು ಎಂದೆ. "ಅದು ಯಾವ ಕಾಲದ್ದು" ಎಂದಳು. ನಾನು ಊರ ಹೆಂಗಸರಿಗೆಲ್ಲ ಮನಸ್ಸಿನಲ್ಲೇ ಅನ್ನುತ್ತಿದ್ದ ಮಾತದು. ನೈಟಿಯ ಜಿಪ್ಪು ಇಳಿಸಿ ನಾನು ಕಣ್ಣು ಮುಚ್ಚಿಕೊಂಡೆ. ಅಯ್ಯೋ ಎನ್ನುತ್ತಾಳೆ ಎಂದು ಕಾದೆ. ಅವಳು ಅನ್ನಲಿಲ್ಲ. ಒಂದೊಂದೇ ಅಂಕಿ ಹೇಳುತ್ತಾ ಬರೆದುಕೊಳ್ಳತೊಡಗಿದಳು. ಭುಜದಿಂದ ಇಷ್ಟು, ಕಂಕುಳ ಸುತ್ತ ಇಷ್ಟು. "ಕೈ ಎಷ್ಟೆತ್ತಕಾಗುತ್ತೋ ಎತ್ತು" ಎಂದಳು. ನನ್ನ ಎಡಗೈ ಭುಜದ ಮಟ್ಟದಿಂದ ಮೇಲಕ್ಕೆ ಹೋಗಲಿಲ್ಲ. "ಸರಿ, ತೋಳು ಅಗಲ ಬಿಡಣ" ಎಂದು ಅದನ್ನೂ ಬರೆದಳು. ಕಣ್ಣು ತೆರೆದಾಗ ಅವಳ ಮೂಗಿನ ತುದಿ ಕೆಂಪಗಾಗಿತ್ತು. ಅಕ್ಷರ ಮಾತ್ರ ದುಂಡಗಿದ್ದವು.

ರವಿಕೆಯ ಪೇಪರು ಯಾವಾಗಲೂ ಅರ್ಧವೇ ಇರುತ್ತದೆ. ಬಟ್ಟೆಯನ್ನು ಎರಡು ಮಡಿಕೆ ಮಾಡಿ, ಮೇಲೆ ಅರ್ಧ ಮೈಯ ಪೇಪರು ಇಟ್ಟು ಕತ್ತರಿಸಿದರೆ ಬಿಡಿಸಿದಾಗ ಇಡೀ ಮೈ ಆಗುತ್ತದೆ. ಎಡ ಬಲ ಒಂದೇ ಎಂದು ನಂಬಿ ನಡೆಯುವ ಕಸುಬು ನಮ್ಮದು. ಮಗಳೂ ಅಭ್ಯಾಸದಂತೆ ಬಟ್ಟೆ ಮಡಚಿದಳು, ಕತ್ತರಿ ಎತ್ತಿದಳು, ನಿಂತಳು. ಮಡಿಕೆ ಬಿಡಿಸಿ ನೆಲದ ಮೇಲೆ ಉದ್ದಕ್ಕೆ ಹರಡಿದಳು. ಆ ವರ್ಷದ ಕ್ಯಾಲೆಂಡರಿನ ಎರಡು ಹಾಳೆ ಜೋಡಿಸಿ ಮುಂಭಾಗದ ಇಡೀ ಪೇಪರು ಬರೆದೆವು. ನಾನು ಮಂಚದ ಮೇಲೆ ಕೂತು ಹೇಳುವುದು, ಅವಳು ಮಂಡಿಯೂರಿ ಗೆರೆ ಎಳೆಯುವುದು. ಎಡಗಡೆಗೆ ಟಕ್ಕು ಬೇಡ ಎಂದೆ. "ಬೇಕು" ಎಂದಳು. "ಅಲ್ಲೇನೈತೆ ಅಂತ ಬೇಕು?" ಎಂದದ್ದಕ್ಕೆ, "ಇಡ್ತೀವಲ್ಲ, ಅದಕ್ಕೆ ಬೇಕು" ಎಂದಳು.

ಇಡುವುದಕ್ಕೆ ಒಂದು ಚೀಲ ಹೊಲಿದಳು. ಮೊದಲು ಹತ್ತಿ ತುಂಬಿದೆವು. ಹತ್ತಿ ಹಗುರ, ನಡೆದರೆ ಕತ್ತಿನ ಹತ್ತಿರ ಬರುತ್ತಿತ್ತು. ತೂಕ ಬೇಕು ಎಂದು ಕಾಳು ತುಂಬುವ ಯೋಚನೆ ಮಾಡಿದಳು. ಜೋಳ ಬೇಡ, ಹುಳ ಬೀಳುತ್ತೆ, ರಾಗಿಯಾದರೆ ಎಷ್ಟು ವರ್ಷವಿಟ್ಟರೂ ಏನೂ ಆಗಲ್ಲ ಎಂದೆ. ಇಬ್ಬರೂ ಗಂಭೀರವಾಗಿಯೇ ಇದನ್ನು ಚರ್ಚೆ ಮಾಡಿದೆವು. ಹತ್ತಿಯ ಒಳಗೆ ರಾಗಿ ತುಂಬಿ ಬಾಯಿ ಹೊಲಿಯುವ ಮೊದಲು ಯಜಮಾನರು ಬಂದರು. ಏನಿದು ಎಂದು ಕೇಳಲಿಲ್ಲ, ತಿಳಿಯಿತು. ಚೀಲವನ್ನು ಅಂಗೈಯಲ್ಲಿಟ್ಟುಕೊಂಡು, ಮಂಡಿಯಲ್ಲಿ ಮಾಡುವ ಹಾಗೆ ಎರಡು ಸಲ ಮೇಲೆ ಕೆಳಗೆ ಆಡಿಸಿದರು. "ಇನ್ನೊಂದು ಹಿಡಿ ಹಾಕ್ರಿ" ಎಂದರು. ಹೇಳಿದ ಮೇಲೆ ನನ್ನ ಕಡೆ ನೋಡಿ, ಮುಖ ಆ ಕಡೆ ತಿರುಗಿಸಿಕೊಂಡು ಹೊರಗೆ ಹೋದರು. ಮಗಳು ಇನ್ನೊಂದು ಹಿಡಿ ಹಾಕಿದಳು. ಸರಿಹೋಯಿತು.

ರವಿಕೆ ಚೆನ್ನಾಗಿ ಕೂತಿತು. ಕಂಕುಳಲ್ಲಿ ಒಂದು ಸುಕ್ಕಿತ್ತು, ಸೆರಗು ಹೊದ್ದರೆ ಕಾಣುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತಾಗ ಸಂತೋಷವಾಯಿತೇ ಎಂದು ನನ್ನನ್ನೇ ಕೇಳಿಕೊಂಡೆ. ಹೊಲಿಗೆ ನೀಟಾಗಿದೆ ಎನ್ನಿಸಿತು, ಅಷ್ಟೆ. ಕಿವಿಯವರೆಗೆ ಬೆಳೆದ ಕೂದಲಿಗೆ ಏನು ಹೇಳುವುದು? ಅದಕ್ಕೂ ಯಜಮಾನರೇ ಉಪಾಯ ಕೊಟ್ಟರು. ತಿರುಪತಿಗೆ ಹೋಗಿ ಮುಡಿ ಕೊಟ್ಟೆ ಎಂದುಬಿಡು ಎಂದರು.

ಹಬ್ಬ ಮುಗಿದ ಎರಡನೇ ದಿನ ನಾನೂ ಮಗಳೂ ಹೊರಟೆವು. ಬಸ್ಸಿನಲ್ಲಿ ಎಡಗಡೆಗೆ ಯಾರೂ ತಾಗದ ಹಾಗೆ ಕಿಟಕಿಯ ಪಕ್ಕ ಕೂತೆ. ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದವರೊಬ್ಬರು ಸಿಕ್ಕಿ, "ಈಗ ಪರವಾಗಿಲ್ಲ ಕಾಣ್ತೀರಿ" ಎಂದು ನನ್ನ ಎದೆಯನ್ನೊಮ್ಮೆ ನೋಡಿ ಹೋದರು. ಭರಮಸಾಗರದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಅಣ್ಣ ಅತ್ತಿಗೆ ಅಂಗಡಿಗೆ ಹೋಗಿದ್ದರು. ಅವ್ವ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಮ್ಮನ್ನು ನೋಡಿದಳು, ಮತ್ತೆ ಕಾಯಿ ಸುಲಿದಳು. ಮೊಮ್ಮಗಳನ್ನು ಮಾತ್ರ, "ಬಾರೇ ಒಳಕ್ಕೆ, ಬಿಸಿಲು" ಎಂದು ಕರೆದಳು. ನಾನು ಅವಳ ಕಾಲ ಹತ್ತಿರ ಕೂತು ನಾಲ್ಕು ಕಾಯಿ ಕೈಗೆ ತೆಗೆದುಕೊಂಡೆ. ಅವ್ವ ನನ್ನ ತಲೆ ನೋಡಿದಳು.

"ಕೂದ್ಲು ಏನಾಯ್ತು?"

"ತಿರುಪತಿಗೆ ಹೋಗಿದ್ವಿ. ಮುಡಿ ಕೊಟ್ಟೆ."

"ತಿರುಪ್ತಿಗೆ ಹೋಗಾಕೆ ಪುರುಸೊತ್ತೈತೆ. ತವರಿಗೆ ಬರಾಕೆ ಇಲ್ಲ."

ಮಗಳು ಹುಳಿಗೆ ಕೊತ್ತಂಬರಿ ತರುತ್ತೇನೆ ಎಂದು ಎದ್ದು ಹೋದಳು, ನಗು ಬಂದು ಹೋದಳೋ ಅಳು ಬಂದು ಹೋದಳೋ ತಿಳಿಯದು. ಅವ್ವ ಮೊರವನ್ನು ಕೈಗೆತ್ತಿಕೊಂಡು ಒಳಗೆ ನಡೆದಳು. ನಾನೂ ಹಿಂದೆ ಹೋದೆ. ನಡುಮನೆಯ ಬೆಳಕಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದಳು. ಅವಳ ಸಿಟ್ಟು ಅಷ್ಟು ಹೊತ್ತಿಗೆ ಇಳಿಯತೊಡಗಿತ್ತು, ಅವಳದ್ದು ಯಾವಾಗಲೂ ಹಾಗೆಯೇ.

"ಜಾಕೀಟು ಚೆಂದಾಗಿ ಕುಂತೈತೆ. ನೀನೇ ಹೊಲ್ಕಂಡ್ಯಾ?"

"ಇಲ್ಲ, ನಿನ್ನ ಮೊಮ್ಮಗಳು."

"ನಿನಗಿಂತ ವಾಸಿ" ಎಂದಳು. ಎಂದು ಒಲೆಯ ಕಡೆ ತಿರುಗಿದಳು.

ಅಲ್ಲಿಗೆ ನಾವು ಬಂದ ಕೆಲಸ ಆಗಿತ್ತು. ಅವ್ವನಿಗೆ ಗೊತ್ತಾಗಲಿಲ್ಲ. ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಸಂಜೆಯ ಬಸ್ಸಿಗೆ ಹೊರಡಬಹುದಿತ್ತು. ತಿಂಗಳಿಗೊಮ್ಮೆ ಹೀಗೆಯೇ ಬಂದು ಹೋಗಬಹುದಿತ್ತು. ನಾನು ಅವಳ ಬೆನ್ನನ್ನು ನೋಡುತ್ತಾ ನಿಂತೆ. ಅವಳು ಕಂಡುಹಿಡಿಯಲಿ ಎಂದೇ ನಾನು ಅಷ್ಟು ದೂರ ಬಂದದ್ದು. ಅದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ನನ್ನನ್ನು ಹೆತ್ತವಳು, ಎರಡು ಹೆರಿಗೆಯ ಬಾಣಂತನದಲ್ಲಿ ಮೈಗೆ ಎಣ್ಣೆ ಹಚ್ಚಿ ಎರೆದವಳು, ರವಿಕೆ ಚೆನ್ನಾಗಿ ಕೂತಿದೆ ಎಂದು ಒಲೆಯ ಕಡೆ ತಿರುಗಿಬಿಟ್ಟಳಲ್ಲ ಎಂದು ನನಗೆ ಸಿಟ್ಟು ಬಂತು. ವರ್ಷದ ಮೇಲೆ ಬಂದ ಮೊದಲ ಸಿಟ್ಟು.

"ಅವ್ವ, ಇಲ್ಲಿರಾದು ರಾಗಿ" ಎಂದೆ.

"ಎಲ್ಲಿ?"

ಹತ್ತಿರ ಹೋಗಿ ಅವಳ ಕೈ ಹಿಡಿದು ಸೆರಗಿನ ಒಳಗೆ, ರವಿಕೆಯ ಮೇಲೆ ಇಟ್ಟೆ. ಅವ್ವ ಮೊದಲು ಕೈ ಕಿತ್ತುಕೊಳ್ಳಲು ನೋಡಿದಳು. ಆಮೇಲೆ ಅವಳ ಬೆರಳು ತಾನಾಗಿ ಹಿಚುಕಿ ನೋಡಿತು. ಜೀವಮಾನವಿಡೀ ರಾಗಿ ಕೇರಿದ ಬೆರಳು. ಹತ್ತಿಯ ಒಳಗೆ ಕಾಳು ಜರುಗಿದ್ದು ಅವಳಿಗೆ ತಿಳಿಯಿತು. ಕೈ ಅಲ್ಲೇ ನಿಂತಿತು. ಅಣ್ಣ ಹೆದರಿದ್ದ ಹಾಗೆ ಅವಳು ಎದೆ ಹಿಡಿದುಕೊಂಡು ಕುಸಿಯಲಿಲ್ಲ.

"ಯಾವಾಗ?"

"ಹೋದ್ ವರ್ಷ. ದಸರಾಕ್ಕೆ ಮುಂಚೆ."

"ಎಲ್ರಿಗೂ ಗೊತ್ತಾ?"

"ಹೂಂ."

"ನನಗೊಬ್ಳಿಗೇ ಇಲ್ಲ" ಎಂದಳು. ಬೈಯುವ ದನಿಯಲ್ಲಿ ಅಲ್ಲ, ಅಷ್ಟೂ ಮಂದಿಯನ್ನು ಒಬ್ಬೊಬ್ಬರನ್ನಾಗಿ ನೆನಪು ಮಾಡಿಕೊಳ್ಳುವ ದನಿಯಲ್ಲಿ.

ಹೋಗಿ ನಡುಮನೆಯ ಬಾಗಿಲು ಹಾಕಿ ಅಗುಳಿ ಇಕ್ಕಿದಳು. ನನ್ನನ್ನು ಚಾಪೆಯ ಮೇಲೆ ಕೂರಿಸಿ, ಎದುರಿಗೆ ನೋಯುವ ಮಂಡಿಯನ್ನು ಮಡಚಿ ತಾನೂ ಕೂತು, ರವಿಕೆಯ ಹುಕ್ಕುಗಳನ್ನು ಮೇಲಿನಿಂದ ಒಂದೊಂದೇ ಬಿಚ್ಚಿದಳು.

ನಾನು ತಡೆಯಲಿಲ್ಲ. ರಾಗಿಯ ಚೀಲವನ್ನು ತೆಗೆದು ಚಾಪೆಯ ಮೇಲಿಟ್ಟಳು. ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಗಾಯದ ಗೆರೆಯ ಮೇಲೆ ಇಟ್ಟಳು.

"ನೋಯ್ತೈತಾ?"

"ಇಲ್ಲ ಅವ್ವ. ಅಲ್ಲಿ ಏನೂ ಗೊತ್ತಾಗಲ್ಲ."

"ನನ್ನ ಕೈ ಇಟ್ಟಿದೀನಿ."

"ಕಾಣ್ತೈತೆ. ಗೊತ್ತಾಗಲ್ಲ."

ಅವಳಿಗೆ ನಂಬಿಕೆ ಬರಲಿಲ್ಲ. ಕೈಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, "ಇಲ್ಲಿ?" ಎಂದಳು. ಇಲ್ಲ ಎಂದೆ. ಕಂಕುಳಿನ ಹತ್ತಿರ ಇಟ್ಟು, "ಇಲ್ಲಿ?" ಎಂದಳು. ಇಲ್ಲ ಎಂದೆ. ಒಂದೊಂದು ಬೆರಳಿನಷ್ಟೇ ಮೇಲಕ್ಕೆ ಬಂದಳು. ಇಲ್ಲಿ? ಇಲ್ಲ. ಇಲ್ಲಿ? ಇಲ್ಲ. ಭುಜದ ಮೂಳೆಯ ಕೆಳಗೆ ಬಂದಾಗ ಒರಟಾದ, ಬೆಚ್ಚಗಿನ, ಅವರೆಕಾಯಿಯ ಸೊಗಡು ಹತ್ತಿದ ಒಂದು ಅಂಗೈ ನನ್ನ ಮೇಲೆ ಇತ್ತು.

"ಇಲ್ಲಿ ಗೊತ್ತಾಗುತ್ತೆ" ಎಂದೆ.

ಅವ್ವ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಕೊತ್ತಂಬರಿ ತಂದ ಮಗಳು ಹೊರಗಿನಿಂದ ಬಾಗಿಲು ತಟ್ಟಿದಳು. "ಅಜ್ಜಿ, ಬಾಗಿಲು ಯಾಕೆ ಹಾಕ್ಕಂಡ್ರಿ?"

"ತಡಿಯೇ ಒಂದ್ಗಳಿಗೆ" ಎಂದಳು ಅವ್ವ. "ನಿಮ್ಮವ್ವ ಅಳ್ತಾ ಅದಾಳೆ."

ನಾನು ಅಳುತ್ತಿದ್ದೇನೆ ಎಂದು ನನಗೆ ಗೊತ್ತಾದದ್ದು ಆಗಲೇ.